ನೂರಾಬಾಯಿ ಹೋದ ಮೇಲೆ

ಹೊಳೆಮಣ್ಣೂರಿನ ಶಬನಮಳಿಗೆ ಇಂಗ್ಲಿಷ್ ಬರುತ್ತದೆ ಎಂಬುದು ಊರಿಗೆ ಗೊತ್ತಾದದ್ದು ಹೊಳೆ ಬಂದು ಹೋದ ಮೇಲೆ. ಅಲ್ಲಿಯವರೆಗೆ ಅವಳು ಪಂಪ್‌ಸೆಟ್ ರಿಪೇರಿ ಮಾಡುವ ಆಫ್ತಾಬನ ಹೆಂಡತಿ, ಗಜೇಂದ್ರಗಡದ ನೇಕಾರ ಮಹಮ್ಮದಸಾಬನ ಮಗಳು, ಅಷ್ಟೇ. ಹುಡುಗಿಯಾಗಿದ್ದಾಗ ಹುಬ್ಬಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಇಂಗ್ಲಿಷ್ ಶಾಲೆಗೆ ಹೋಗಿದ್ದಳು. ಪಿಯುಸಿ ಮುಗಿಯುವ ಹೊತ್ತಿಗೆ ಅಪ್ಪನಿಗೆ ಲಕ್ವಾ ಹೊಡೆದು ಒಂದು ಕಡೆಯ ಕೈಕಾಲು ಬಿದ್ದು, ಇವಳ ಓದು ಅಲ್ಲಿಗೇ ನಿಂತಿತು. ಆಮೇಲೆ ಮದುವೆ, ಈ ಊರು, ಮಗಳು ಗುಲ್ಷನ. ಕಲಿತ ಇಂಗ್ಲಿಷಿಗೆ ಗೊಬ್ಬರದ ಚೀಲದ ಮೇಲಿನ ಅಕ್ಷರ ಓದಿ ಹೇಳುವುದು ಬಿಟ್ಟರೆ ಇಲ್ಲಿ ಬೇರೆ ಕೆಲಸವೇ ಇರಲಿಲ್ಲ.

೨೦೦೭ರ ಮಳೆಗಾಲದಲ್ಲಿ ಮಲಪ್ರಭೆ ಊರೊಳಗೆ ಬಂತು. ನೀರು ಇಳಿದ ಮೇಲೆ ಉಳಿದದ್ದು ಮೊಣಕಾಲುದ್ದದ ಕೆಸರು, ಕುಸಿದ ಗೋಡೆ, ನೆನೆದು ಮೊಳಕೆಯೊಡೆದ ಜೋಳ, ಸತ್ತ ದನದ ವಾಸನೆ. ಹೊಳೆ ದಂಡೆಯ ಮಂದಿ ಎತ್ತರದ ಹೊಲಗಳಲ್ಲಿ ತಗಡಿನ ಶೆಡ್ಡುಗಳಿಗೆ ಹೋದರು. ಆ ಶೆಡ್ಡುಗಳ ಸಾಲಿನ ಕೊನೆಗೆ, ಮಲ್ಲೇಶಪ್ಪನೆಂಬ ರೈತ ಬಿಟ್ಟುಕೊಟ್ಟ ಕಣದಲ್ಲಿ, ಹೊರಗಿನ ಒಂದು ಸೇವಾ ಸಂಸ್ಥೆಯವರು ಇನ್ನೊಂದು ಶೆಡ್ಡು ಹಾಕಿ ದವಾಖಾನೆ ತೆರೆದರು. ಅಲ್ಲಿಗೆ ಬಂದವಳು ನೋರಾ. ಐರ್ಲೆಂಡ್ ದೇಶದವಳು, ನಿವೃತ್ತಳಾದ ನರ್ಸು, ಸಂಬಳವಿಲ್ಲದೆ ಸೇವೆಗೆಂದು ಬಂದವಳು. ಊರ ಬಾಯಲ್ಲಿ ಮೊದಲ ದಿನವೇ ಅವಳು ನೂರಾಬಾಯಿ ಆದಳು. ಮುದುಕ ಮದರಸಾಬನಂತೂ ಈಕೆ ನಮ್ಮ ಪೈಕಿಯವಳೇ ಇರಬೇಕೆಂದು ನಂಬಿ ದಿನಾ ಸಲಾಂ ಹೇಳುತ್ತಿದ್ದ.

ಗುಲ್ಷನಳ ಕಿವಿಯ ಹಿಂದೆ ಕುರು ಎದ್ದಿತ್ತು. ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಶಬನಮ ಸಾಲಿನಲ್ಲಿ ಕುಳಿತಿದ್ದಳು. ಒಳಗೆ ಜೀಪಿನ ಡ್ರೈವರ್ ತನಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ಮಾತು ದಾಟಿಸುತ್ತಿದ್ದ. ಮೂರು ದಿನದಿಂದ ಜ್ವರ ಎಂದವಳಿಗೆ ಮೂರು ಮಕ್ಕಳು ಎಂದು ಹೇಳಿಬಿಟ್ಟಾಗ ಶಬನಮಳಿಗೆ ತಡೆಯಲಾಗಲಿಲ್ಲ. ಸೆರಗು ಸರಿಪಡಿಸಿಕೊಂಡು, ಎಷ್ಟೋ ವರ್ಷ ಬಳಸದ ಇಂಗ್ಲಿಷಿನಲ್ಲಿ ತಡವರಿಸುತ್ತ ತಿದ್ದಿದಳು. ನೂರಾಬಾಯಿ ಎದ್ದು ಬಂದು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮರುದಿನದಿಂದ ಶಬನಮ ಆ ದವಾಖಾನೆಯಲ್ಲಿ ಮಾತು ದಾಟಿಸುವ ಬಾಯಿ ಆದಳು.

ನೂರಾಬಾಯಿಯ ತಂಡ ನರಗುಂದದಲ್ಲಿ, ಗುಡ್ಡದ ಕೆಳಗಿನ ಓಣಿಯಲ್ಲಿ, ಒಂದು ಬಾಡಿಗೆ ಮನೆ ಹಿಡಿದಿತ್ತು. ಬೆಳಿಗ್ಗೆ ಅವರ ಜೀಪು ಬರುವ ಹೊತ್ತಿಗೆ ಮಂದಿ ಕಣದ ತುಂಬ ಕುಳಿತಿರುತ್ತಿದ್ದರು. ಶಬನಮ ಅಷ್ಟರಲ್ಲಿ ನೆಲ ಗುಡಿಸಿ, ಕುದಿಸಿ ಆರಿಸಿದ ನೀರನ್ನು ಕೊಡಕ್ಕೆ ತುಂಬಿ, ಮೇಜು ಒರೆಸಿ ಇಟ್ಟಿರುತ್ತಿದ್ದಳು. ಡಾಕ್ಟರು ಶಿವನಪ್ಪ ವಾರಕ್ಕೆ ಎರಡು ಸಲ ಧಾರವಾಡದಿಂದ ಬರುತ್ತಿದ್ದರು. ಉಳಿದ ದಿನ ಎಲ್ಲವೂ ನೂರಾಬಾಯಿಯ ಮೇಲೆ. ಕೆಸರಿನಲ್ಲಿ ಓಡಾಡಿ ಬೆರಳಸಂದು ಕೊಳೆತ ಕಾಲುಗಳು, ಮೈತುಂಬ ತುರಿ, ಕೆಂಪುಗಣ್ಣು, ಚಳಿಜ್ವರ, ವಾಂತಿಭೇದಿಯಿಂದ ಕಣ್ಣು ಒಳಗೆ ಹೋದ ಕೂಸುಗಳು. ತೊಳೆಯುವುದು, ಕಟ್ಟುವುದು, ಚಮಚೆ ಚಮಚೆ ಉಪ್ಪು-ಸಕ್ಕರೆಯ ನೀರು ಕುಡಿಸುವುದು. ಮಧ್ಯಾಹ್ನಕ್ಕೆ ತಗಡು ಕಾದು ಒಳಗೆ ಕೂಡ್ರಲಾಗದಂತಾಗುತ್ತಿತ್ತು. ನೂರಾಬಾಯಿಯ ಬಿಳಿ ಮುಖ ಟೊಮೆಟೊದ ಹಾಗೆ ಕೆಂಪಾಗುತ್ತಿತ್ತು; ಅವಳು ಕೊರಳಿಗೆ ಒದ್ದೆ ಟವೆಲ್ಲು ಸುತ್ತಿಕೊಂಡು ಕೆಲಸ ಮಾಡುತ್ತಿದ್ದಳು. ರಂಜಾನ್ ತಿಂಗಳು ಬಂದಾಗ ರೋಜಾ ಹಿಡಿದಿದ್ದ ಶಬನಮಳ ಎದುರಿಗೆ ನೀರು ಕುಡಿಯಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. ಇಲ್ಲೇ ಕುಡಿಯಿರಿ, ನನಗೇನೂ ಆಗುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳದೆ ಶೆಡ್ಡಿನ ಹಿಂದೆ ಬಿಸಿಲಿಗೆ ಹೋಗಿ ಕುಡಿದು ಬರುತ್ತಿದ್ದಳು.

ಶಬನಮಳಿಗೆ ಕಷ್ಟವಾದದ್ದು ಬಿಸಿಲಲ್ಲ, ಉಪವಾಸವಲ್ಲ; ಮಾತು. ಎಮ್ಮೆಯನ್ನು ಹೊಳೆಗೆ ಕಳೆದುಕೊಂಡ ಶೇಖವ್ವ ಎಂಬ ಮುದುಕಿ ಬಂದು, "ಜೀವ ಕುದೀತೈತಿ ನೋಡ ತಂಗಿ" ಎಂದಳು. ಶಬನಮ ಅದನ್ನು ಎದೆನೋವು ಎಂದು ದಾಟಿಸಿದಳು. ನೂರಾಬಾಯಿ ಗಾಬರಿಯಾಗಿ ನಾಡಿ ಹಿಡಿದು, ಎದೆಗೆ ಕೊಳವೆ ಇಟ್ಟು ನೋಡಿ, ಏನೂ ಸಿಗದೆ ಶಬನಮಳ ಕಡೆ ತಿರುಗಿದಳು. "ನೋವಲ್ಲ. ಆಕೆಯ ಎಮ್ಮೆ ಹೋಗಿದೆ" ಎಂದು ಶಬನಮ ನಾಚಿಕೊಂಡು ತಿದ್ದಿದಳು. ನೂರಾಬಾಯಿ ಕೊಳವೆಯನ್ನು ಪಕ್ಕಕ್ಕಿಟ್ಟು ಮುದುಕಿಯ ಕೈ ಹಿಡಿದು ಸುಮ್ಮನೆ ಕುಳಿತಳು. ಹೊರಗೆ ಸಾಲು ಬೆಳೆಯುತ್ತಲೇ ಇತ್ತು.

'ಅವಳಿಗೆ ನೋವಂತೆ' ಎಂದು ಹೇಳಬೇಡ, 'ನನಗೆ ನೋವು' ಎಂದೇ ಹೇಳು, ಅವರು ಹೇಳಿದ ಹಾಗೆಯೇ ಹೇಳು ಎಂದು ನೂರಾಬಾಯಿ ಕಲಿಸಿದ್ದಳು. ಹಾಗಾಗಿ ದಿನವಿಡೀ ಶಬನಮ ಊರಿನ ಎಲ್ಲರ ಬೇನೆಯನ್ನೂ ನನ್ನದು ನನ್ನದು ಎಂದು ಹೇಳುತ್ತಿದ್ದಳು. ನನ್ನ ಗಂಡ ಕುಡಿದು ಬಂದು ಒದೆಯುತ್ತಾನೆ. ನನ್ನ ಕೂಸು ಹಾಲು ಮುಟ್ಟುತ್ತಿಲ್ಲ. ನನಗೆ ಮುಟ್ಟು ನಿಲ್ಲುತ್ತಲೇ ಇಲ್ಲ. ಒಂದೊಂದು ಸಂಕಟವನ್ನೂ ಅವಳು ಎರಡೆರಡು ಸಲ ಕೇಳುತ್ತಿದ್ದಳು, ಒಮ್ಮೆ ಅವರ ಬಾಯಿಂದ, ಇನ್ನೊಮ್ಮೆ ತನ್ನದೇ ಬಾಯಿಂದ. ಸಂಜೆ ರೊಟ್ಟಿ ಬಡಿಯುವಾಗ ಅವು ಕೈಗೆ ಅಂಟಿದ ಹಿಟ್ಟಿನಂತೆ ಜೊತೆಗೇ ಇರುತ್ತಿದ್ದವು.

ಮಲ್ಲೇಶಪ್ಪ ತನ್ನ ಮಗಳನ್ನು ಕರೆದುಕೊಂಡು ಬಂದದ್ದು ಒಂದು ಸಂಜೆ, ಮಂದಿಯೆಲ್ಲ ಕರಗಿದ ಮೇಲೆ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಇದ್ದವಳು ಇವಳೊಬ್ಬಳೇ, ಹತ್ತೊಂಬತ್ತರ ನೇತ್ರಾ. ದವಾಖಾನೆಗೆ ಜಾಗ ಕೊಟ್ಟವನು ಎಂಬ ಸಂಕೋಚವೋ ಏನೋ, ಒಳಗೆ ಬರದೆ ಬಾಗಿಲಲ್ಲೇ ನಿಂತ.

"ಏನಿಲ್ಲ ತಂಗಿ, ಆಗಾಗ ತಲಿ ತಿರಗತೈತಿ ಅಂತಾಳ. ಒಂದೀಟು ಟಾನಿಕ್ ಕೊಟ್ಟರ ಸಾಕು."

ನೂರಾಬಾಯಿ ಅವನನ್ನು ಹೊರಗೆ ಕೂಡ್ರಲು ಹೇಳಿ ಪರದೆ ಎಳೆದಳು. ನೇತ್ರಾ ಬಹಳ ಹೊತ್ತು ತನ್ನ ಕಾಲುಂಗುಷ್ಠ ನೋಡುತ್ತ ಕುಳಿತಳು. ಆಮೇಲೆ, ಶಬನಮಳ ಕಡೆ ತಿರುಗದೆ, ನೂರಾಬಾಯಿಯ ಮುಖವನ್ನೇ ನೋಡುತ್ತ ಹೇಳಿದಳು. ಭಾಷೆ ತಿಳಿಯದವಳಿಗೆ ಹೇಳುವುದು ಅವಳಿಗೆ ಸುಲಭವಾಗಿತ್ತು.

"ತಲಿ ತಿರಗೂದಲ್ರಿ. ಬೀಳತೇನಿ. ಕೈಕಾಲು ಸೆಟದು, ಬಾಯಾಗ ಬುರಗ ಬರತೈತಂತ. ನಂಗೇನೂ ನೆನಪಿರಂಗಿಲ್ಲ. ಎದ್ದಾಗ ಅಪ್ಪ ಅಳಕೋತ ಕುಂತಿರತಾನ."

ಹನ್ನೆರಡನೆಯ ವರ್ಷದಿಂದ ಹೀಗೆ. ತಾಯತ ಕಟ್ಟಿಸಿದ್ದರು, ದೇವರಿಗೆ ನಡೆದುಕೊಂಡಿದ್ದರು, ಬಿದ್ದಾಗ ಕೈಗೆ ಕೀಲಿಕೈ ಹಿಡಿಸಿದ್ದರು. ಅಪ್ಪ-ಮಗಳ ಹೊರತು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಬೀಳುವ ಮುಂಚೆ ಮೂಗಿಗೆ ಸುಟ್ಟ ವಾಸನೆ ಬರುತ್ತದೆ, ಆಗ ಓಡಿ ಒಳಗಿನ ಕೋಣೆ ಸೇರಿಬಿಡುತ್ತಾಳೆ.

ಕೇಳಿದ್ದು ಮುಗಿದ ಮೇಲೆ ನೂರಾಬಾಯಿ ಒಂದು ಸಣ್ಣ ಮಾತು ಹೇಳಿದಳು: ಇಲ್ಲಿ ಹೇಳಿದ್ದು ಇಲ್ಲೇ ಉಳಿಯುತ್ತದೆ ಎಂದು ಅವಳಿಗೆ ಹೇಳು. ಶಬನಮ ನೇತ್ರಾಳ ಪಕ್ಕಕ್ಕೆ ಕುಳಿತು ಅವಳ ಭುಜ ಮುಟ್ಟಿದಳು.

"ನೇತ್ರಾ, ಈ ಮಾತು ಈ ತಗಡಿನ ಒಳಗ ಇರತಾವು. ನನ್ನ ಗಂಡಗೂ ಹೇಳಂಗಿಲ್ಲ, ನಮ್ಮವ್ವಗೂ ಹೇಳಂಗಿಲ್ಲ. ಯಾರ ಬಂದು ಕೇಳಿದ್ರೂ ನನ್ನ ಬಾಯಿಂದ ಹೊರಗ ಬರಂಗಿಲ್ಲ."

"ನಾನು ಇಷ್ಟು ಉದ್ದ ಹೇಳಿರಲಿಲ್ಲವಲ್ಲ" ಎಂದಳು ನೂರಾಬಾಯಿ.

"ಇದು ನಾನು ಹೇಳಿದ್ದು" ಎಂದಳು ಶಬನಮ.

ಡಾಕ್ಟರು ಶಿವನಪ್ಪ ನೋಡಿ ಮೂರ್ಛೆರೋಗವೆಂದು ಗುರುತಿಸಿ ಗುಳಿಗೆ ಬರೆದುಕೊಟ್ಟರು. ದಿನಾ ತಪ್ಪದೆ ನುಂಗಬೇಕು, ವರ್ಷಗಟ್ಟಲೆ, ಒಮ್ಮೆಲೇ ಬಿಟ್ಟರೆ ಮೊದಲಿಗಿಂತ ಜೋರಾಗಿ ಬರಬಹುದು ಎಂದು ಎಚ್ಚರಿಸಿದರು. ಗುಳಿಗೆ ಹಿಡಿಯಿತು. ನೇತ್ರಾ ಬೀಳುವುದು ನಿಂತಿತು. ಅವಳು ನೆಪ ಮಾಡಿಕೊಂಡು ದವಾಖಾನೆಗೆ ಬಂದು ಮಕ್ಕಳನ್ನು ಆಡಿಸುತ್ತ, ಬಟ್ಟೆಪಟ್ಟಿ ಮಡಚುತ್ತ ಕೂಡ್ರುತ್ತಿದ್ದಳು. ಅವಳು ನಕ್ಕದ್ದನ್ನು ಶಬನಮ ಮೊದಲ ಸಲ ಕಂಡದ್ದು ಆಗ.

ಚಳಿ ಬೀಳುವ ಮೊದಲೇ ಸಂಸ್ಥೆಯವರು ಶೆಡ್ಡು ಮುಚ್ಚಿದರು. ನೆರೆಯ ಕೆಲಸ ಮುಗಿಯಿತು, ಬೇರೆ ಕಡೆ ಕರೆ ಬಂದಿದೆ ಎಂದರು. ಹೊರಡುವ ದಿನ ನೂರಾಬಾಯಿ ದೀರ್ಘ ಬೇನೆಯವರಿಗೆಲ್ಲ ಉಳಿದ ಗುಳಿಗೆ ಹಂಚಿ, ಮುಂದೆ ರೋಣದ ದವಾಖಾನೆಗೆ ಹೋಗಬೇಕೆಂದು ಒಬ್ಬೊಬ್ಬರಿಗೂ ಶಬನಮಳ ಬಾಯಿಂದ ಹೇಳಿಸಿದಳು. ಜೀಪು ಹತ್ತುವಾಗ ಶಬನಮಳನ್ನು ತಬ್ಬಿಕೊಂಡು ಅತ್ತಳು. ಧೂಳು ಇಳಿದ ಮೇಲೆ ಶಬನಮ ಖಾಲಿ ಕಣವನ್ನೊಮ್ಮೆ ಗುಡಿಸಿ ಮನೆಗೆ ನಡೆದಳು. ಅವರು ತನ್ನ ತಲೆಯ ಮೇಲೆ ಬಿಟ್ಟುಹೋದದ್ದು ಏನೆಂಬುದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಮಂದಿ ಅವಳ ಮನೆಗೆ ಬರತೊಡಗಿದರು. ಬೆಳಿಗ್ಗೆ ಬಾಗಿಲು ತೆರೆದರೆ ಕಟ್ಟೆಯ ಮೇಲೆ ಯಾರೋ ಕೂಸನ್ನು ಮಲಗಿಸಿಕೊಂಡು ಕುಳಿತಿರುತ್ತಿದ್ದರು. "ನನ್ನ ಹಂತ್ಯಾಕ ಔಷಧ ಇಲ್ರಿ, ರೋಣಕ್ಕ ಹೋಗ್ರಿ" ಎಂದರೆ ನಂಬುತ್ತಿರಲಿಲ್ಲ. ನೂರಾಬಾಯಿಯವರು ಔಷಧ ಎಲ್ಲಾ ಇವಳ ಕೈಗೇ ಕೊಟ್ಟು ಹೋಗಿದ್ದಾರೆ, ಬೇಕಾದವರಿಗಷ್ಟೇ ಕೊಡುತ್ತಾಳೆ ಎಂಬ ಸುದ್ದಿ ಹುಟ್ಟಿತು. ನಬೀಸಾಬನೆಂಬವನು ಇಂಜೆಕ್ಷನ್ ಮಾಡು ಎಂದು ತೋಳು ಮಡಚಿ ಕುಳಿತವನು ಎದ್ದು ಹೋಗುವಾಗ, "ಬಿಳೇ ಮಂದಿ ಜೋಡಿ ಕುಂತು ಸೊಕ್ಕ ಬಂದೈತಿ" ಎಂದ.

"ನೀ ಏನ್ ಡಾಕ್ಟರ್ ಏನು?" ಎಂದು ಆಫ್ತಾಬನೂ ಸಿಡುಕಿದ. "ಇಲ್ಲ ಅನ್ನು, ಬಾಗಲಾ ಹಾಕು. ಅವರಂತೂ ಹೋದರು. ನಾವು ಈ ಊರಾಗ ಬಾಳೇ ಮಾಡವರು."

ಅವಳಿಗೆ ಬಾಗಿಲು ಹಾಕಲಾಗಲಿಲ್ಲ. ತೀರ ಬೇನೆಯಾದವರನ್ನು ಕರೆದುಕೊಂಡು ತಾನೇ ರೋಣದ ಬಸ್ಸು ಹತ್ತುತ್ತಿದ್ದಳು. ಅದೇ ದಿನಗಳಲ್ಲಿ ನೇತ್ರಾಳ ಮದುವೆ ಮಾತು ನಡೆದಿದೆ ಎಂದು ಕಿವಿಗೆ ಬಿತ್ತು. ಗಜೇಂದ್ರಗಡದ ಹತ್ತಿರ ಪುರ್ತಗೇರಿಯ ಸಂಬಂಧ, ಹುಡುಗನ ಹೆಸರು ರಾಯಣ್ಣ, ಹೊಲಮನಿ ಇದ್ದವರು. ಹುಡುಗನ ತಾಯಿ ಸುಶೀಲವ್ವ ಎಂದಾಗ, ಅದೇ ಸುಶೀಲವ್ವನೇ ಎಂದು ಶಬನಮ ಎರಡು ಸಲ ಕೇಳಿದಳು.

ಸುಶೀಲವ್ವ ಅವಳಿಗೆ ಬೇರೆಯವಳಲ್ಲ. ಅಪ್ಪ ಲಕ್ವಾ ಹೊಡೆದು ಮಲಗಿದ ವರ್ಷಗಳಲ್ಲಿ, ಮಗ್ಗ ನಿಂತ ಮನೆಗೆ ಜೋಳ, ಬೇಳೆ, ಹಿತ್ತಲ ಕಾಯಿಪಲ್ಯೆ ಹೊತ್ತು ತಂದವಳು. ಅವ್ವ ಸಾಬೀರಾ ನೇಯ್ದ ಸೀರೆ ಕೊಳ್ಳಲು ಬರುತ್ತಿದ್ದ ಗುರುತು ಅಕ್ಕ-ತಂಗಿಯರ ಗುರುತಾಗಿ ಬೆಳೆದಿತ್ತು.

ಬಕ್ರೀದಿಗೆ ತವರಿಗೆ ಹೋದಾಗ ಸುಶೀಲವ್ವ ಬಂದೇ ಬಂದಳು. ಹಬ್ಬದ ಶಾವಿಗೆಯ ಸುರಕುಂಬಾ ಕುಡಿದು ಬಟ್ಟಲು ಕೆಳಗಿಟ್ಟು, ಸಾಬೀರಾ ಒಳಗೆ ಹೋದದ್ದನ್ನು ನೋಡಿ, ಶಬನಮಳ ಹತ್ತಿರ ಸರಿದಳು.

"ಶಬ್ಬೂ, ನೀ ನನ್ನ ಕೈಯಾಗ ಬೆಳದಾಕಿ. ನಿನಗೊಂದು ಕೇಳತೇನಿ, ಖರೇ ಹೇಳಬೇಕು. ನಿಮ್ಮೂರ ಮಲ್ಲೇಶಪ್ಪನ ಮಗಳು ಹೆಂತಾಕಿ?"

"ಚಲೋ ಹುಡಿಗಿ ಅತ್ತಿ. ಭಾಳ ಚಲೋ ಹುಡಿಗಿ."

"ಅದು ನನಗೂ ಕಂಡೈತಿ. ಮೈಯಾಗ ಹ್ಯಾಂಗ ಅದಾಳ? ಆಕಿ ನಿಮ್ಮ ದವಾಖಾನಿಗೆ ಬರತಿದ್ಲಂತ. ಯಾತಕ್ಕ?"

 ಏನೂ ಇಲ್ಲ ಎಂದರೆ ಸುಳ್ಳು. ಅದೂ ಯಾರಿಗೆ? ಅಪ್ಪನ ಬಾಯಿಗೆ ಗಂಜಿ ಹಾಕಿದವಳಿಗೆ. ಇದೆ ಎಂದರೆ ಪರದೆಯ ಒಳಗೆ ಕುಳಿತು ಕಾಲುಂಗುಷ್ಠ ನೋಡುತ್ತಿದ್ದ ಆ ಹುಡುಗಿಗೆ ಮೋಸ.

"ಅತ್ತಿ, ದವಾಖಾನಿಗೆ ಬಂದವರ ಸುದ್ದಿ ನಾ ಹೇಳಂಗಿಲ್ರಿ. ಯಾರದೂ ಹೇಳಂಗಿಲ್ಲ. ನೀವು ಅವರನ್ನ ಕೇಳ್ರಿ. ನೇತ್ರಾನ್ನ ಕುಂದರಿಸಿ ಕೇಳ್ರಿ."

ಸುಶೀಲವ್ವ ಅವಳನ್ನೇ ದಿಟ್ಟಿಸಿದಳು. "ಏನೂ ಇಲ್ಲದಿದ್ದರ ಇಲ್ಲ ಅಂತಿದ್ದಿ."

"ಹಂಗಲ್ಲ ಅತ್ತಿ. ನಿಮ್ಮ ಸುದ್ದಿ ಯಾರರ ಕೇಳಿದ್ರೂ ಹಿಂಗ ಅಂತಿದ್ದೆ."

"ಇರಲಿ ಬಿಡು" ಎಂದು ಸುಶೀಲವ್ವ ಎದ್ದಳು. ಸೆರಗು ಹೊದ್ದುಕೊಂಡು ಮೆಟ್ಟಿಲಿಳಿದಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಸಾಬೀರಾ ಮಗಳ ಮೇಲೆ ಹರಿಹಾಯ್ದಳು. ಆ ಹೆಣ್ಣುಮಗಳ ಅನ್ನ ತಿಂದಿದ್ದೇವೆ, ಅವಳಿಗೇ ಮುಚ್ಚಿಡುತ್ತೀಯಾ ಎಂದಳು. ಶಬನಮ ಬಟ್ಟಲುಗಳನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ಹೇಳದೆ ಇರುವುದೇ ಒಂದು ಹೇಳಿದ ಹಾಗೆ ಆಗಿಬಿಡುತ್ತದೆ ಎಂಬುದು ನೂರಾಬಾಯಿಗೆ ಗೊತ್ತಿತ್ತೋ ಇಲ್ಲವೋ, ತನಗಂತೂ ಆ ಶೆಡ್ಡಿನಲ್ಲಿ ತೋಚಿರಲಿಲ್ಲ.

ಆದರೂ ಸಂಬಂಧ ಮುರಿಯಲಿಲ್ಲ. ರಾಯಣ್ಣನಿಗೆ ಹುಡುಗಿ ಮನಸ್ಸಿಗೆ ಬಂದಿದ್ದಳು. ಸುಶೀಲವ್ವ ಮಲ್ಲೇಶಪ್ಪನನ್ನು ಕೇಳಿದಾಗ ಅವನು ಬಸವಣ್ಣನ ಮೇಲೆ ಆಣೆಯಿಟ್ಟು ಏನೂ ಇಲ್ಲ ಎಂದಿದ್ದ. ನಿಶ್ಚಯಕ್ಕೆ ದಿನ ಗೊತ್ತಾಯಿತು. ಊರಿಗೆ ಮರಳಿದ ಶಬನಮ ನೇತ್ರಾಳನ್ನು ಹುಡುಕಿಕೊಂಡು ಹೋದಳು. ಅವಳು ಜೋಳ ಹಸನು ಮಾಡುತ್ತ ಕುಳಿತಿದ್ದಳು. ಮುಖ ಬಾಡಿತ್ತು.

"ಗುಳಗಿ ತಗೋತಿ ಹೌದಲ್ಲ?"

ನೇತ್ರಾ ಮೊರದಿಂದ ಕಣ್ಣೆತ್ತಲಿಲ್ಲ. "ಇದ್ದವು ತೀರಿದವು ಅಕ್ಕಾ. ರೋಣಕ್ಕ ಹೋಗೂದು ಬ್ಯಾಡಂದಾನ ಅಪ್ಪ. ಅಲ್ಲಿ ಬೀಗರ ಕಡಿ ಮಂದಿ ಯಾರರ ನೋಡಿದ್ರ ಅಂತ."

ಶಬನಮ ಕಣಕ್ಕೆ ಹೋದಳು. ಶೆಡ್ಡು ಬಿಚ್ಚಿಕೊಂಡು ಹೋಗಿದ್ದ ಜಾಗದಲ್ಲಿ ಮಲ್ಲೇಶಪ್ಪ ಜೋಳದ ಕಣಿಕೆ ಒಟ್ಟುತ್ತಿದ್ದ. ಅವಳ ಮಾತು ಪೂರ್ತಿ ಕೇಳುವಷ್ಟು ತಾಳ್ಮೆ ಅವನಿಗಿರಲಿಲ್ಲ.

"ನಾಕ ತಿಂಗಳಾತು ಏನೂ ಆಗಿಲ್ಲ. ಗುಣಾ ಆಗೇತಿ. ಇನ್ಯಾಕ ಗುಳಗಿ?"

"ಗುಳಗಿ ತಗೊಂಡಾಳಂತ ಆಗಿಲ್ಲ ಕಾಕಾ. ಬಿಟ್ಟರ ಜೋರ ಬರತೈತಂತ ಡಾಕ್ಟರ್ ಹೇಳ್ಯಾರ, ನಿಮ್ಮ ಮುಂದನ ಹೇಳ್ಯಾರ. ನೀವು ಬರೂದು ಬ್ಯಾಡ, ನಾನ ತಂದ ಕೊಡತೇನಿ."

"ನೀ ತಂದ ಕೊಟ್ಟರ ಇದೇನು ಅಂತ ನಿನ್ನ ಗಂಡ ಕೇಳಂಗಿಲ್ಲ? ಕಂಡಕ್ಟರ್ ಕೇಳಂಗಿಲ್ಲ?" ಅವನು ಕಣಿಕೆಯ ಹೊರೆ ಕೆಳಗೆ ಬಿಟ್ಟ. ಧ್ವನಿ ತಗ್ಗಿತು. "ತಾಯಿಲ್ಲದ ಹುಡಿಗಿ ಶಬನಮಾ. ನಾ ಸತ್ತರ ಆಕಿಗೆ ಯಾರದಾರ? ಒಂದ ಮದವಿ ಆಗಲಿ. ಆಮ್ಯಾಗ ಗಂಡನ ಕರಕೊಂಡ ಹೋಗ್ತಾನ. ಅಲ್ಲೀತನಕ ನೀ ಬಾಯಿ ಬಿಡಬ್ಯಾಡ, ಕೈ ಮುಗೀತೇನಿ."

ಅವನು ಖರೇನೇ ಕೈ ಮುಗಿದ. ತಂದೆಯ ವಯಸ್ಸಿನವನು. ಶಬನಮ ಮನೆಗೆ ಬಂದಳು. ಆದರೂ ಮರುವಾರ ರೋಣಕ್ಕೆ ಹೋಗಿ ಗುಳಿಗೆ ತಂದಳು. ನೇತ್ರಾಳ ಕೈಗೆ ಕೊಡಲು ಎರಡು ಸಲ ಹೋದಳು; ಎರಡು ಸಲವೂ ಮಲ್ಲೇಶಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಮೂರನೆಯ ಸಲ ಹೋಗುವ ಮುಂಚೆ ಆಗಬಾರದ್ದು ಆಗಿಹೋಯಿತು.

ಸಂಕ್ರಾಂತಿ ಮುಗಿದ ವಾರ. ನಿಶ್ಚಯದ ಮನೆ, ಹಾಸಿಗೆ ಹೊದಿಕೆ ತೊಳೆಯಲೆಂದು ನೇತ್ರಾ ಹೆಂಗಸರ ಜೊತೆ ಹೊಳೆಗೆ ಹೋಗಿದ್ದಳು. ಮೊಣಕಾಲುದ್ದ ನೀರು. ಅವಳು ಬಾಗಿದವಳು ಏಳಲಿಲ್ಲ. ಬಟ್ಟೆ ಜಾಲಿಸುತ್ತಿದ್ದಾಳೆ ಎಂದೇ ಎಲ್ಲರೂ ಅಂದುಕೊಂಡರು. ಮೊದಲು ಕಂಡವಳು ಶೇಖವ್ವ. "ಹುಡಿಗಿ ಮುಳಗ್ಯಾಳ ಬರ್ರೇ" ಎಂದು ಅವಳು ಚೀರಿದ್ದು ದಂಡೆಯಿಂದ ಮೇಲೆ, ಎತ್ತರದಲ್ಲಿದ್ದ ಶಬನಮಳ ಮನೆಗೂ ಕೇಳಿಸಿತು.

ಶಬನಮ ಓಡಿ ಹೋಗುವಷ್ಟರಲ್ಲಿ ದಂಡೆಗೆ ಎಳೆದು ಹಾಕಿದ್ದರು. ಮೈ ಇನ್ನೂ ಅದುರುತ್ತಿತ್ತು, ತುಟಿ ನೀಲಿಯಾಗಿತ್ತು. ಯಾರೋ ಕೀಲಿಕೈ ತನ್ನಿ ಎಂದರು, ಯಾರೋ ಉಳ್ಳಾಗಡ್ಡಿ ಮೂಸಿಸಿ ಎಂದರು, ಒಬ್ಬಳು ಹಲ್ಲಿನ ನಡುವೆ ಚಮಚೆ ತುರುಕಲು ನೋಡುತ್ತಿದ್ದಳು. ಶಬನಮ ಅವಳ ಕೈ ತಳ್ಳಿ, ನೇತ್ರಾಳನ್ನು ಮಗ್ಗುಲಿಗೆ ತಿರುಗಿಸಿ ಹಿಡಿದಳು. ಬಾಯಿಂದ ನೀರು, ಬುರುಗು ಹರಿಯಿತು. ಕೆಸರು ಬಳಿದು ತೆಗೆದಳು. ಅದುರುವುದು ನಿಂತು, ಎಳೆದೆಳೆದು ಒಂದು ಉಸಿರು ಬಂತು, ಆಮೇಲೆ ಇನ್ನೊಂದು. ಸುತ್ತ ನಿಂತ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದರು.

"ಏನಾಗೇತಿ ಆಕಿಗೆ? ನಿನಗ ಗೊತ್ತೈತಿ" ಎಂದಳು ಒಬ್ಬಳು.

"ಟೆಂಪೋ ತರಸ್ರಿ" ಎಂದಷ್ಟೇ ಹೇಳಿದಳು ಶಬನಮ.

ರೋಣದಲ್ಲಿ ಮೊದಲು ಸಿಕ್ಕ ದವಾಖಾನೆಗೆ ಇಳಿಸಿದರು. ಟೆಂಪೋದಲ್ಲಿ ಬಂದ ಅರ್ಧ ಊರು ಬಾಗಿಲಲ್ಲಿ ಜಮಾಯಿಸಿತ್ತು. ನಿಶ್ಚಯದ ನಡುವಿನವನಾಗಿ ಓಡಾಡುತ್ತಿದ್ದ ಅಂದಾನಪ್ಪನೂ ಅದರಲ್ಲಿದ್ದ. ಹೊಲದಿಂದ ಓಡಿ ಬಂದು ಟೆಂಪೋ ಹತ್ತಿದ್ದ ಮಲ್ಲೇಶಪ್ಪ ಗೋಡೆಗೆ ಆತು ನಿಂತಿದ್ದ. ಹರೆಯದ ಡಾಕ್ಟರನೊಬ್ಬ ನೇತ್ರಾಳ ಕಣ್ಣೆವೆ ಎತ್ತಿ ನೋಡುತ್ತ, ಮೊದಲು ಹೀಗೆ ಆಗಿತ್ತೇ, ಏನಾದರೂ ಔಷಧಿ ನಡೆದಿತ್ತೇ ಎಂದು ಕೇಳಿದ. ಯಾರೂ ಬಾಯಿ ತೆರೆಯಲಿಲ್ಲ. ಮಲ್ಲೇಶಪ್ಪ ಶಬನಮಳ ಮುಖ ನೋಡಿದ. ಬೇಡ ಎನ್ನುತ್ತಿದ್ದನೋ, ಹೇಳು ಎನ್ನುತ್ತಿದ್ದನೋ, ಆ ನೋಟದಲ್ಲಿ ಅವಳಿಗೆ ತಿಳಿಯಲಿಲ್ಲ. ಅವಳು ಡಾಕ್ಟರನ ಹತ್ತಿರಕ್ಕೆ ಹೋಗಿ, ಧ್ವನಿ ತಗ್ಗಿಸಿ, ಸುತ್ತಲಿನವರಿಗೆ ತಿಳಿಯದಿರಲೆಂದು ಇಂಗ್ಲಿಷಿನಲ್ಲಿ ಬೇನೆಯ ಹೆಸರು ಹೇಳಿದಳು, ಗುಳಿಗೆಯ ಹೆಸರು ಹೇಳಿದಳು, ಬಿಟ್ಟು ಎಷ್ಟು ದಿನವಾಯಿತೆಂಬುದನ್ನೂ ಹೇಳಿದಳು.

ಡಾಕ್ಟರ್ ತಲೆಯೆತ್ತಿ ಮಲ್ಲೇಶಪ್ಪನ ಮೇಲೆ ಕನ್ನಡದಲ್ಲೇ ಗುಡುಗಿದ. "ಏನಪಾ, ಮಗಳಿಗೆ ಮೂರ್ಛೆರೋಗ ಐತಿ ಅಂತ ಗೊತ್ತಿದ್ದೂ ಗುಳಗಿ ಬಿಡಿಸಿಯಲ್ಲ! ಬುದ್ಧಿ ಐತಿಲ್ಲ?"

ಬಾಗಿಲಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅಂದಾನಪ್ಪ ಮೆಲ್ಲಗೆ ಹಿಂದೆ ಸರಿದು ಹೊರಗೆ ಹೋದ.

ಶ್ವಾಸಕೋಶಕ್ಕೆ ನೀರು ಹೋಗಿದ್ದರಿಂದ ನೇತ್ರಾ ವಾರದ ಮೇಲೆ ಅಲ್ಲೇ ಇರಬೇಕಾಯಿತು. ಜ್ವರ ಇಳಿದ ದಿನ ಸುಶೀಲವ್ವ ಬಂದಳು, ಚೀಲದಲ್ಲಿ ಚಿಕ್ಕು ಹಣ್ಣು ತಂದಿದ್ದಳು. ಮಲ್ಲೇಶಪ್ಪ ಅವಳನ್ನು ಕಂಡು ಎದ್ದು ಹೊರಗೆ ಹೋದ; ಶಬನಮ ಮಂಚದ ಬಳಿಯೇ ಉಳಿದಳು. ನೇತ್ರಾ ಎದ್ದು ಕೂಡ್ರಲು ನೋಡಿ, ಆಗದೆ, ಮಲಗಿದಲ್ಲೇ ಹೇಳಿದಳು.

"ಅತ್ತಿ, ಹೇಳಬೇಕಂತ ಮಾಡಿದ್ದೆ. ನಿಮ್ಮ ಮಗನ ಮುಂದ ಹೇಳಬೇಕಂತ ಭಾಳ ಸಲ ಮಾಡಿದ್ದೆ. ಧೈರ್ಯ ಆಗಲಿಲ್ಲ."

"ಹೇಳಿದ್ದರ ಚಲೋ ಇತ್ತವ್ವಾ" ಎಂದು ಸುಶೀಲವ್ವ ಅವಳ ತಲೆ ಸವರಿದಳು. "ಮೊದಲ ಅರಾಮ ಆಗು." ಮದುವೆಯ ಮಾತು ಅಷ್ಟರಲ್ಲೇ ಮುಗಿಯಿತು ಎಂಬುದು ಮೂವರಿಗೂ ಗೊತ್ತಾಯಿತು.

ಸುಶೀಲವ್ವನನ್ನು ಬಸ್ಸಿಗೆ ಕಳಿಸಲೆಂದು ಶಬನಮ ಜೊತೆಗೆ ನಡೆದಳು. ಬೇವಿನ ಗಿಡದ ಕೆಳಗೆ ಸುಶೀಲವ್ವ ನಿಂತಳು.

"ಅವತ್ತ ನಿಮ್ಮವ್ವನ ಮನ್ಯಾಗ ನಾ ಕೇಳಿದಾಗ ನೀ ಹೇಳಿದ್ದರ, ಅವತ್ತ ಈ ಸಂಬಂಧ ಬಿಡತಿದ್ದೆ. ಮುಚ್ಚಿಡೂ ಕೆಲಸ ಅವರಿಗೂ ಇರತಿರಲಿಲ್ಲ. ಈ ಹುಡಿಗಿ ಗುಳಗಿ ತಿಂದಕೊಂಡು ಮನ್ಯಾಗ ಇರತಿತ್ತು. ಹೊಳ್ಯಾಗ ಬೀಳತಿರಲಿಲ್ಲ."

 ಆ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ಶಬನಮಳಿಗೆ ಕಾಣಲಿಲ್ಲ. ಗಜೇಂದ್ರಗಡದ ಬಸ್ಸು ಬಂತು, ಸುಶೀಲವ್ವ ಹತ್ತಿದಳು. ತಿರುಗಿ ಒಳಗೆ ಬಂದರೆ ಮಲ್ಲೇಶಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

"ಡಾಕ್ಟರನ ಕಿವ್ಯಾಗ ಊದಿದಿ. ಊರಿಗೆಲ್ಲ ಡಂಗುರ ಆತು. ಇನ್ನ ನನ್ನ ಮನಿ ಹೊಸ್ತಲಾ ತುಳೀಬ್ಯಾಡ."

ಒಬ್ಬಳಿಗೆ ಹೇಳಲಿಲ್ಲವೆಂಬುದು ತಪ್ಪು, ಇನ್ನೊಬ್ಬನಿಗೆ ಹೇಳಿದ್ದು ತಪ್ಪು. ಆ ಸಂಜೆ ಬಸ್ಸಿನಲ್ಲಿ ಕುಳಿತು ಶಬನಮ ಮುಖ ಮುಚ್ಚಿಕೊಂಡು ಅತ್ತಳು. ಮನೆಯಲ್ಲಿ ಆಫ್ತಾಬ ಏನೂ ಕೇಳದೆ ತಾನೇ ಚಹಾ ಮಾಡಿ ತಂದುಕೊಟ್ಟ. ಅವನಿಗೆ ಅಷ್ಟರಲ್ಲಿ ಎಲ್ಲ ತಿಳಿದಿತ್ತು. "ಇಷ್ಟ ದಿನ ನನಗೂ ಹೇಳಲಿಲ್ಲಲ್ಲ" ಎಂದ. ಅದು ಬೈಗುಳವೋ ಮೆಚ್ಚಿಕೆಯೋ ಅವನಿಗೂ ಖಚಿತವಿದ್ದಂತೆ ಕಾಣಲಿಲ್ಲ.

ಫೆಬ್ರವರಿಯಲ್ಲಿ ಆಫ್ತಾಬನ ಮೊಬೈಲಿಗೆ ನೂರಾಬಾಯಿಯ ಫೋನು ಬಂತು. ಅಲ್ಲಿ ಹಿಮ ಬೀಳುತ್ತಿದೆ ಎಂದಳು, ಗುಲ್ಷನಳನ್ನು ಕೇಳಿದಳು, ಶೇಖವ್ವನನ್ನು ಕೇಳಿದಳು, ಆಮೇಲೆ ನೇತ್ರಾಳನ್ನು. ಶಬನಮ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಇಂಗ್ಲಿಷು ತಪ್ಪತೊಡಗಿತು. ಕೊನೆಗೆ ಕೇಳಿದಳು: "ನಾನು ಮಾಡಿದ್ದು ಸರಿಯೇ?"

 "ನೀನು ಕೊಟ್ಟ ಮಾತು ಉಳಿಸಿಕೊಂಡೆ, ಶಬನಮ" ಎಂದಳು ನೂರಾಬಾಯಿ. "ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ."

ಒಳ್ಳೆಯ ಮಾತೇ. ಆದರೆ ನೂರಾಬಾಯಿ ಅಂಥ ಮಾತು ಉಳಿಸಿಕೊಂಡು ಜೀಪು ಹತ್ತಿ ಹೋಗಬಹುದಿತ್ತು. ಫೋನು ಇಟ್ಟ ಮೇಲೂ ಶಬನಮಳಿಗೆ ಎದೆ ಹಗುರಾಗಲಿಲ್ಲ.

ನೇತ್ರಾ ಗುಣವಾಗಿ ಬಂದಳು. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲವಾದ್ದರಿಂದ ತಿಂಗಳಿಗೊಮ್ಮೆ ಎಲ್ಲರ ಕಣ್ಣೆದುರಿಗೇ ಶಬನಮಳ ಜೊತೆ ಬಸ್ಸು ಹತ್ತಿ ರೋಣಕ್ಕೆ ಹೋಗುತ್ತಿದ್ದಳು. ಆ ಬಸ್ಸಿನಲ್ಲಿ ಈಗ ಊರಿನ ಇನ್ನೂ ನಾಲ್ಕಾರು ಮಂದಿ ಇರುತ್ತಿದ್ದರು, ಸಕ್ಕರೆ ಬೇನೆಯವರು, ಬಸುರಿಯರು, ಬಿ.ಪಿ.ಯ ನಬೀಸಾಬನೂ. ಕಟ್ಟೆಯ ಮೇಲೆ ಬಂದು ಕೂಡ್ರುವವರಿಗೆ ಶಬನಮ ಮಂಗಳವಾರ ಬರ್ರಿ, ಕೂಡಿ ಹೋಗೂಣು ಎನ್ನುವುದನ್ನು ರೂಢಿ ಮಾಡಿದ್ದಳು. ನೇತ್ರಾ ಕೆಲವು ಸಲ ಕಿಟಕಿಯ ಹೊರಗೆ ನೋಡುತ್ತ, ಮಾತಾಡಿಸಿದರೂ ಕೇಳಿಸದವಳಂತೆ ಇರುತ್ತಿದ್ದಳು. ರಾಯಣ್ಣನಿಗೆ ಬೇರೆ ಕಡೆ ಮದುವೆಯಾದ ಸುದ್ದಿ ಬಂದ ತಿಂಗಳು ಗುಳಿಗೆ ತರಲು ಬರುವುದಿಲ್ಲ ಎಂದಳು. ಶಬನಮ ಹೊಸ್ತಿಲ ಹೊರಗೇ ನಿಂತು, ಬಸ್ಸು ತಪ್ಪಿಹೋಗುವ ತನಕ ಕಾದಳು. ಕೊನೆಗೆ ಮುಂದಿನ ಬಸ್ಸಿಗೆ ನೇತ್ರಾ ಚಪ್ಪಲಿ ಮೆಟ್ಟಿಕೊಂಡು ಹೊರಬಂದಳು.

ಮಲ್ಲೇಶಪ್ಪ ಮಾತಾಡುತ್ತಿರಲಿಲ್ಲ. ಎದುರಿಗೆ ಬಂದರೆ ದಾರಿ ಬಿಟ್ಟು ಹೋಗುತ್ತಿದ್ದ. ಮರುವರ್ಷ ಸುಗ್ಗಿಯಲ್ಲಿ ನೇತ್ರಾಳಿಗೆ ಕಾಲು ಉಳುಕಿತು. ಆ ಮಂಗಳವಾರ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲ್ಲೇಶಪ್ಪ ಕುಳಿತಿರುವುದನ್ನು ಶಬನಮ ಕಂಡಳು. ಅವಳ ಕಡೆ ನೋಡಲಿಲ್ಲ. ರೋಣದ ದವಾಖಾನೆಯ ಔಷಧಿ ಕಿಟಕಿಯಲ್ಲಿ ಅವನ ಸರದಿ ಬಂದಾಗ ಒಳಗಿನವನು ಯಾವ ಬೇನೆಗೆ ಎಂದು ಕೇಳಿದ. ಮಲ್ಲೇಶಪ್ಪ ಒಮ್ಮೆ ಹಿಂದೆ ತಿರುಗಿದ, ಸಾಲಿನಲ್ಲಿ ನಿಂತ ಶಬನಮಳನ್ನು ನೋಡಿದ. ಅವಳು ಒಂದು ಹೆಜ್ಜೆ ಮುಂದೆ ಬಂದಳು. ಅಷ್ಟರಲ್ಲಿ ಅವನೇ, ಜಗಳಕ್ಕೆ ನಿಂತವನ ಹಾಗೆ ಗಟ್ಟಿಯಾಗಿ ಹೇಳಿದ:

"ಮೂರ್ಛೆರೋಗಕ್ಕ. ನನ್ನ ಮಗಳಿಗೆ."

ಗುಳಿಗೆಯನ್ನು ಧೋತರದ ಗಂಟಿಗೆ ಕಟ್ಟಿಕೊಂಡು ಬಸ್ಸಿಗೆ ನಡೆದ. ಮರಳುವಾಗಲೂ ಹಿಂದಿನ ಸೀಟೇ. ಊರು ಬಂದಾಗ ಇಳಿದು, ಶಬನಮಳ ಕೈಯಲ್ಲಿದ್ದ ಚೀಲಗಳಲ್ಲಿ ಒಂದನ್ನು ಹೇಳದೆ ಕೇಳದೆ ಇಸಿದುಕೊಂಡು, ಅವಳ ಮನೆಯ ಕಟ್ಟೆಯ ಮೇಲೆ ಇಟ್ಟು ಹೋದ.

ಸುಶೀಲವ್ವ ಮಾತ್ರ ಸಾಬೀರಾಳ ಮನೆಗೆ ಮತ್ತೆ ಬರಲಿಲ್ಲ. ಗಜೇಂದ್ರಗಡದ ಸಂತೆಯಲ್ಲಿ ಒಮ್ಮೆ ಶಬನಮಳಿಗೆ ಎದುರಾದಳು, ಜೊತೆಯಲ್ಲಿ ಹೊಸ ಸೊಸೆ ಇದ್ದಳು. "ಅತ್ತಿ" ಎಂದು ಶಬನಮ ಓಡಿ ಹತ್ತಿರ ಹೋದಳು. "ಚಲೋ ಅದಿಯೇನವ್ವಾ? ಅವ್ವ ಅರಾಮ ಅದಾಳೇನು?" ಎಂದು ಸುಶೀಲವ್ವ ನಗುಮುಖದಿಂದಲೇ ಕೇಳಿದಳು. ಉತ್ತರ ಬರುವ ಮೊದಲೇ ಮೆಣಸಿನಕಾಯಿ ರಾಶಿಯ ಕಡೆ ತಿರುಗಿ ಸೊಸೆಗೆ ಏನೋ ತೋರಿಸತೊಡಗಿದಳು.